ಸುಮ್ಮನೆ ಕೂತಾಗ ಎಷ್ಟು ತಿಂತದೆ?

ಮೊನ್ನೆ ಎಲೆ ಹಾಕಲು ಕೂತಿದ್ದೆ. ಎಲೆಪೆಟ್ಟಿಗೆಯ ಮೂಲೆಯಲ್ಲಿ ಅಡಿಕೆಚೂರಿಗೆ ಬೆರಳು ಹಾಕಿದರೆ ಏನೋ ಚುಚ್ಚಿತು. ತೆಗೆದು ನೋಡಿದರೆ ಕಡಲೆಬೀಜದಷ್ಟು ದೊಡ್ಡ ಕರಿ ಹುಳ, ಎಂಟು ಕಾಲು. ಹುಳ ಅಲ್ಲ, ಐಸಿ. ನಿಮ್ಮ ಮನೆಯ ರೇಡಿಯೋ ಬಿಚ್ಚಿದರೆ ಒಳಗೆ ಹಲಗೆಯ ಮೇಲೆ ಇಂಥದ್ದು ಕೂತಿರುತ್ತದೆ. ಸಣ್ಣ ಸ್ವರವನ್ನು ದೊಡ್ಡದು ಮಾಡುವುದು ಇದರ ಕಸುಬು. ಹೆಚ್ಚಿಗೆ ಒಂದಿರಲಿ ಎಂದು ರೇಡಿಯೋ ರಿಪೇರಿಯ ವಾಸು ಕೊಟ್ಟಿದ್ದ. ಕಳೆದುಹೋಗಬಾರದು ಎಂದು ನಾನೇ ಅಲ್ಲಿ ಇಟ್ಟು ಮರೆತಿದ್ದೆ.

ನಾಲ್ಕನೇ ಕ್ಲಾಸು ಓದಿದ ಮುದುಕಿಗೆ ಐಸಿ ಎಂತಕೆ ಎಂದು ಕೇಳಬಹುದು. ಕೇಳಿ, ಬೇಜಾರಿಲ್ಲ. ನನ್ನ ಸೊಸೆಯೂ ಕೇಳಿದ್ದಳು.

ಎಲ್ಲ ನವಿಲಿನಿಂದ ಆದದ್ದು. ನವಿಲು ಕ್ಯಾಲೆಂಡರಿನಲ್ಲಿ ಚಂದ. ಗದ್ದೆಯಲ್ಲಿ ಅದು ಬಣ್ಣ ಬಳಿದುಕೊಂಡ ಕಾಡುಕೋಳಿ, ಅಷ್ಟೇ. ನಮ್ಮ ಬಿಜೂರಿನಲ್ಲಿ ಮಳೆಗಾಲದ ಭತ್ತ ಕೊಯ್ದ ಮೇಲೆ ಮರಳು ಮಣ್ಣಿನ ಹೊಯ್ಗೆ ಗದ್ದೆಗೆ ನೆಲಗಡಲೆ ಹಾಕುತ್ತೇವೆ. ಕಾಯಿ ಬಲಿಯುವುದು ಮಣ್ಣಿನ ಒಳಗೆ. ನಮಗೆ ಕಾಣುವುದಿಲ್ಲ, ನವಿಲಿಗೆ ಕಾಣುತ್ತದೆ. ಕಾಲಿನಲ್ಲಿ ನಾಲ್ಕು ಸಲ ಕೆರೆದು ಗಿಡದ ಬುಡವನ್ನೇ ಎಬ್ಬಿಸುತ್ತದೆ. ಅದಕ್ಕೆ ಸರಕಾರದ ರಕ್ಷಣೆ ಇದೆ. ನನ್ನ ಕಡಲೆಗೆ ನಾನು ಮಾತ್ರ.

ನಾನು ಹಾಕುವುದು ಹಳೇ ಬೀಜ. ಸಣ್ಣ ಕಾಯಿ, ಒಳಗೆ ಕೆಂಪು ಕಾಳು. ಅತ್ತೆಯ ಕಾಲದ್ದು ಎಂದು ನಾನು ಅದನ್ನು ಪೂಜೆ ಮಾಡುವವಳಲ್ಲ. ಅತ್ತೆಯನ್ನೇ ಮಾಡಿದವಳಲ್ಲ. ಉಪ್ಪು ಹಾಕಿ ಬೇಯಿಸಿದರೆ ಅದಕ್ಕೊಂದು ರುಚಿ ಇದೆ, ಅಂಗಡಿಯ ಬೀಜಕ್ಕೆ ಅದು ಇಲ್ಲ. ಊರಿನಲ್ಲಿ ಎಲ್ಲರೂ ಅಂಗಡಿಯ ದೊಡ್ಡ ಬೀಜಕ್ಕೆ ಹೋದರು. ಹಳೇದು ಉಳಿದದ್ದು ನನ್ನ ಹತ್ತಿರ ಒಂದೇ. ಹೋದ ವರ್ಷ ನವಿಲು ತಿಂದು ಉಳಿಸಿದ್ದು ಎರಡು ಸೇರು. ಈ ವರ್ಷ ಆ ಎರಡು ಸೇರನ್ನೂ ಬಿತ್ತಿದೆ. ಇದೂ ಹೋದರೆ ಆ ಬೀಜ ಮುಗಿಯಿತು.

"ಮುಗಿಲಿ ಮಾರಾಯ್ತಿ," ಎಂದಳು ಪಕ್ಕದ ಗದ್ದೆಯ ಮುತ್ತು. "ಅದ್ಕೆಂತ ತಿಥಿ ಮಾಡ್ಕಾ? ಅಂಗಡಿಲ್ ಸಿಕ್ಕೂದಿಲ್ಯಾ ಬೀಜ?"

"ಅಂಗಡಿಲ್ ಅಕ್ಕಿಯೂ ಸಿಕ್ಕತ್. ನೀ ಎಂತಕೆ ಗದ್ದೆ ಮಾಡ್ತೆ?" ಎಂದೆ. ಮುತ್ತು ನನ್ನ ಪ್ರಾಯದವಳೇ. ಮೂರು ವರ್ಷದ ಹಿಂದೆ ಅಂಚಿನ ಮೇಲಿನ ತೆಂಗಿನ ಗಿಡ ಯಾರದ್ದು ಎಂದು ನಾವಿಬ್ಬರೂ ಮಳೆಯಲ್ಲಿ ನಿಂತು ಜಗಳ ಮಾಡಿದ್ದೆವು. ಗಿಡ ಅಷ್ಟರಲ್ಲಿ ಸತ್ತಿತು. ಮಾತು ಮಾತ್ರ ಹಾಗೇ ಸ್ವಲ್ಪ ಹುಳಿಯಾಗಿ ಉಳಿದಿತ್ತು.

ಹಿಂದೆ ನನಗೆ ನವಿಲಿನ ಹೆದರಿಕೆ ಇರಲಿಲ್ಲ. ಗಂಟಲಿತ್ತು. ನಾನು ಹುಟ್ಟಿದ್ದು ಮರವಂತೆಯ ಹೊಳೆಬದಿಯಲ್ಲಿ. ಹಿಂದೆ ಕಡಲು, ಮುಂದೆ ಹೊಳೆ, ಎರಡೂ ಒಟ್ಟಿಗೆ ಕೂಗುವಾಗ ಅದರ ಮೇಲೆ ಮಾತಾಡಿ ಕಲಿತವರು ನಾವು. ನಮ್ಮ ಮನೆಯಲ್ಲಿ ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ಆಗ ಹೊಳೆ ದಾಟಲು ದೋಣಿ. ದೋಣಿಯವನು ಆಚೆ ದಡದಲ್ಲಿ ಮರದಡಿಗೆ ಮಲಗಿರುತ್ತಿದ್ದ. ಈಚೆ ನಿಂತವರು ಕೂಗಬೇಕು. ಗಂಡಸರು ಕೂಗಿದರೆ ಮಗ್ಗುಲು ಬದಲಿಸುತ್ತಿದ್ದ, ನಾನು ಕೂಗಿದರೆ ಎದ್ದು ಕೂರುತ್ತಿದ್ದ. ಎರಡು ಅಂಗೈಯನ್ನು ಬಾಯಿಯ ಸುತ್ತ ತುತ್ತೂರಿ ಮಾಡಿ, ಹೊಟ್ಟೆಯಿಂದ ಎಳೆದು ಒಂದೇ ಒಂದು "ಹ್ವೋ...ಯ್". ದಡಕ್ಕೆ ಬಂದವರು "ಆ ಹೆಣ್ಣನ್ನ್ ಕರಿನಿ" ಎಂದು ನನ್ನನ್ನು ಮನೆಯಿಂದ ಕರೆಸುತ್ತಿದ್ದರು. ಒಂದು ದಿನ ಮೇಷ್ಟ್ರೂ ಬಂದು ಕರೆದರು. ಶಾಲೆಗಲ್ಲ, ದೋಣಿ ಕರೆಯುವುದಕ್ಕೆ. ಕೂಗಿ ಕೊಟ್ಟೆ. ಅವರಿಗೂ ನನಗೂ ಇದ್ದ ವಿದ್ಯಾಸಂಬಂಧ ಹೆಚ್ಚುಕಡಿಮೆ ಅಷ್ಟೇ.

ಮದುವೆಯಾಗಿ ಬಿಜೂರಿಗೆ ಬಂದ ಮೇಲೆ ಆ ಗಂಟಲು ಗಿಳಿಗೆ, ಮಂಗಕ್ಕೆ, ದನಕ್ಕೆ, ಮಕ್ಕಳಿಗೆ, ನಮ್ಮನೆಯವರಿಗೆ ಎಲ್ಲ ಬಳಕೆಯಾಯಿತು. ನಮ್ಮನೆಯವರು ಮಾತು ಕಡಿಮೆ. ನಾನು ಹತ್ತು ಹೇಳಿದರೆ ಅವರು "ಹ್ಞೂಂ" ಎನ್ನುತ್ತಾರೆ. ಹನ್ನೊಂದನೆಯದ್ದಕ್ಕೆ ಎದ್ದು ತೋಟಕ್ಕೆ ಹೋಗುತ್ತಾರೆ.

ಎರಡು ವರ್ಷದ ಹಿಂದೆ ಒಂದು ಕೆಮ್ಮು ಬಂತು. ಕೆಮ್ಮು ಹೋಯಿತು, ಹೋಗುವಾಗ ಸ್ವರವನ್ನೂ ಕರಕೊಂಡು ಹೋಯಿತು. ಈಗ ಕೂಗಲು ಬಾಯಿ ತೆರೆದರೆ ಸೈಕಲ್ ಟಯರಿನ ಗಾಳಿ ಬಿಟ್ಟ ಹಾಗೆ "ಕುಸ್ಸ್" ಎನ್ನುತ್ತದೆ. ಮಂಡಿಯೂ ಹೋಗಿದೆ, ಗದ್ದೆಗೆ ಓಡುವುದಿಲ್ಲ. ಹಗಲಿಗೆ ಮಗ ಟೆಂಪೋದಲ್ಲಿ, ಸೊಸೆ ಗೇರುಬೀಜದ ಕಾರ್ಖಾನೆಯಲ್ಲಿ. ಗದ್ದೆ ಕಾಯಲು ಉಳಿದದ್ದು ನಾವಿಬ್ಬರು: ಸ್ವರ ಹೋದವಳು ಒಬ್ಬಳು, ಇದ್ದೂ ಬಳಸದವರು ಒಬ್ಬರು.

ಹಾಗೆ ನಾನು ಬೈಂದೂರಿನಲ್ಲಿ ವಾಸುವಿನ ಅಂಗಡಿಗೆ ಹೋದದ್ದು. ವಾಸು ಮುಂಬಯಿಯಲ್ಲಿ ಮೂವತ್ತು ವರ್ಷ ರೇಡಿಯೋ ಬಿಚ್ಚಿದವನು. ಅಲ್ಲಿ ರೇಡಿಯೋ ಮುಗಿದ ಮೇಲೆ ಊರಿಗೆ ಬಂದ. ಇಲ್ಲಿಯೂ ಮುಗಿದಿತ್ತು.

"ಬನ್ನಿ ಅಕ್ಕ, ಕೂಕಣಿ. ಎಂತ, ಮಿಕ್ಸಿಯಾ?"

"ಮಿಕ್ಸಿ ಅಲ್ದಾ. ನವಿಲ್."

"ನವಿಲ್ ರಿಪೇರಿ ಮಾಡ್ತಿಲ್ಲೆ ಅಕ್ಕ. ಚಾರ್ಜರ್ ಆರೆ ಮಾಡ್ತೆ."

ನಾನು ಕತೆ ಹೇಳಿದೆ. ಸೊಸೆಯ ಮೊಬೈಲಿನಲ್ಲಿ ನನ್ನ ಹಳೇ ಸ್ವರ ಇತ್ತು. ಗಂಟಲು ಇದ್ದ ಕಾಲಕ್ಕೆ ನಾನು ನವಿಲಿಗೆ ಬೈಯುವುದನ್ನು ಮಗ ನಗಾಡಲಿಕ್ಕೆಂದು ವೀಡಿಯೋ ಮಾಡಿಟ್ಟಿದ್ದ. ವಾಸು ಅದನ್ನು ಕೇಳಿ, "ಅರೆ ವ್ಹಾ, ಕ್ಯಾ ಆವಾಜ್," ಎಂದ. ಆ ಸ್ವರವನ್ನು ಸಣ್ಣ ಕಾರ್ಡಿಗೆ ತುಂಬಿಸಿ, ಪೆಟ್ಟಿಗೆ ಮಾಡಿ ಗದ್ದೆಯಲ್ಲಿ ಇಡುವುದು ಎಂದಾಯಿತು. ಯಾವ ಐಸಿ ಹಾಕುವುದು ಎಂದು ಕೇಳಿದ. ಜೋರು ಯಾವುದು ಎಂದೆ. ಬೆರಳಿನ ಉಗುರಿನಷ್ಟು ಹಲಗೆಯ ಮೇಲೆ ಕೂತ ಒಂದನ್ನು ತೋರಿಸಿದ. ಎಂಬತ್ತನಾಲ್ಕು ಸೊನ್ನೆ ಮೂರು ಎಂದು ಅದರ ಹೆಸರು. ಹೆಸರಿಗೂ ನಂಬರು, ಜೈಲಿನವರ ಹಾಗೆ. ಮೊಬೈಲಿನ ಪವರ್ ಬ್ಯಾಂಕು ಸಾಕು, ಎರಡು ಸ್ಪೀಕರ್ ನಡೆಸುತ್ತದೆ, ಬಿಸಿಯೂ ಆಗುವುದಿಲ್ಲ ಎಂದ. ಅದನ್ನೇ ಹಾಕು ಎಂದೆ. ತಪ್ಪು ನನ್ನದೇ. ಅಂಗಡಿಯಲ್ಲಿ ಜೋರು ಮಾತಾಡಿದವನನ್ನು ನಂಬುವ ಹಾಗೆ ನಾನೂ ನಂಬಿದೆ.

ಮೊದಲ ದಿನ ಪೆಟ್ಟಿಗೆ ಕೂಗಿತು: "ಹ್ವಾಯ್! ಕಂಡೋರ್ ಗದ್ದಿಗ್ ಬಂದ್ ತಿಂಬುಕೆ ನಾಚ್ಕಿ ಆತಿಲ್ಯಾ ನಿಂಗೆ? ಹೋತ್ಯಾ ಇಲ್ಯಾ!" ಎಂಟು ನವಿಲು ಒಟ್ಟಿಗೆ ಹಾರಿ ಗೇರುಗುಡ್ಡಕ್ಕೆ ಹೋದವು. ನನಗೆ ನನ್ನ ಗಂಟಲು ಕೇಳಿ ಖುಷಿಯಾಯಿತು. ಎರಡು ನಿಮಿಷಕ್ಕೊಮ್ಮೆ ಅದೇ ಬೈಗುಳ, ಬೆಳಗಿನಿಂದ ಸಂಜೆಯವರೆಗೆ.

ಮೂರನೇ ದಿನ ಮುತ್ತು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ನಮ್ಮ ಕಡೆ ಅದಕ್ಕೆ ಅರ್ಥ ಇದೆ.

"ಎಂತ ಹೇಳೂದಿದ್ರೂ ಎದ್ರ್ ಬಂದ್ ಹೇಳ್. ಪೆಟ್ಟಿಗಿ ಹತ್ರ ಹೇಳ್ಸೂದ್ ಬ್ಯಾಡ."

"ನಿಂಗಲ್ದೆ. ನವಿಲಿಗೆ."

"ನವಿಲಿಗೆ ನಾಚ್ಕಿ ಅಂದ್ರೆ ಎಂತ ಅಂತ ಗೊತ್ತಿತ್ತಾ? ಯಾರಿಗ್ ಹೇಳ್ತೆ ನೀ?"

ಅವಳದ್ದೂ ತಪ್ಪಲ್ಲ. ನಮ್ಮಲ್ಲಿ ಹೆಂಗಸರು ನೆರೆಮನೆಗೆ ಬೈಯಬೇಕಾದರೆ ಕೋಳಿಯನ್ನು ಎದುರು ಇಟ್ಟುಕೊಳ್ಳುತ್ತೇವೆ. ಕೋಳಿ ಏನೂ ತಿಳಿಯದೆ ಕೆದಕುತ್ತಿರುತ್ತದೆ, ಬೇಲಿಯಾಚೆ ಇದ್ದವಳಿಗೆ ಎಲ್ಲ ತಿಳಿಯುತ್ತದೆ. ನಾನೂ ಮಾಡಿದ್ದೇನೆ, ಚೆನ್ನಾಗಿ ಮಾಡಿದ್ದೇನೆ. ಈಗ ಮಾಡದೆ ಇದ್ದಾಗ ನಂಬುವವರಿಲ್ಲ. ಗದ್ದೆಗೆ ಕರಕೊಂಡು ಹೋಗಿ ತೋರಿಸುವ ಎಂದು ಮಂಡಿ ಹಿಡಿದುಕೊಂಡೇ ಅಂಚಿನವರೆಗೆ ಹೋದೆ. ಅಲ್ಲಿ ಪೆಟ್ಟಿಗೆಯ ಮೇಲೆ ಒಂದು ಹೆಣ್ಣು ನವಿಲು ಕೂತು ರೆಕ್ಕೆ ಕೆದರಿಕೊಳ್ಳುತ್ತಿತ್ತು. ಅದರ ಕಾಲಡಿಯಿಂದ ನನ್ನ ಸ್ವರ "ನಾಚ್ಕಿ ಆತಿಲ್ಯಾ" ಎಂದು ಕೇಳುತ್ತಿತ್ತು. ಉಳಿದವು ಸುತ್ತ ತಿನ್ನುತ್ತಿದ್ದವು. ಒಂದೂ ತಲೆ ಎತ್ತಲಿಲ್ಲ.

ಮುತ್ತು ನಗಾಡಿ ನಗಾಡಿ ಅಂಚಿನ ಮೇಲೇ ಕೂತಳು. ಮೂರು ವರ್ಷದ ಹುಳಿ ಅಲ್ಲಿಗೆ ಹೋಯಿತು. ಮನೆಗೆ ಬಂದು ಹೇಳಿದರೆ ನಮ್ಮನೆಯವರು, "ಅದ್ಕೆ ರೂಢಿ ಆಯ್ತ್," ಎಂದರು. ಹೇಳಿದ ರೀತಿಗೆ ನಾನು ಅವರ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ.

ನಾಲ್ಕು ಸಾಲು ಹೋಗಿತ್ತು. ಉಳಿದದ್ದು ಹನ್ನೊಂದು ಸಾಲು, ಕಾಯಿ ಬಲಿಯಲು ಇನ್ನೂ ತಿಂಗಳು ಬೇಕು.

ಪುನಃ ವಾಸುವಿನ ಹತ್ತಿರ ಹೋದೆ. "ಒಂದೇ ಮಾತ್ ಎಷ್ಟ್ ಸಲ ಕೇಂತ್ ಅಕ್ಕ ಅದ್?" ಎಂದ. "ನೀವೇ ಮಾತಾಡ್ಕ್. ಕಂಡಾಗ್ಳಿಕೆ ಮಾತಾಡ್ಕ್. ಮೈಕ್ ನಿಮ್ಮ್ ಕೈಯಲ್ಲಿ, ಸ್ಪೀಕರ್ ಗದ್ದಿಲಿ."

"ನಂಗೆ ಸ್ವರ ಇಲ್ಯಲ್ದಾ."

"ಸ್ವರ ಐಸಿದ್. ಗಾಳಿ ನಿಮ್ದ್."

ಅಂಗಳದ ಮೂಲೆಯ ಗೇರುಮರದ ಬುಡದಿಂದ ಗದ್ದೆ ಕಾಣುತ್ತದೆ, ಜಗಲಿಯಿಂದ ಕಾಣುವುದಿಲ್ಲ. ಮರದ ಬುಡದಲ್ಲಿ ಕರೆಂಟಿಲ್ಲ. ಹಾಗಾಗಿ ಸೆಲ್ಲಿನಲ್ಲೇ ನಡೆಯಬೇಕು. ವಾಸು ಪೇಪರು ಹಾಸಿ ಮೂರು ಐಸಿ ಇಟ್ಟ. ನನಗೆ ಹೆಣ್ಣು ನೋಡಲು ಹೋದ ಹಾಗೆ ಆಯಿತು. ಒಂದು ಆಗ ಹಾಕಿದ ಜೋರಿನದ್ದು. ಒಂದು ದೊಡ್ಡದು, ಬೆನ್ನಿಗೆ ತಗಡು ಕಟ್ಟಿಕೊಂಡದ್ದು. ಅದು ದೇವಸ್ಥಾನದ ಮೈಕಿನ ಜಾತಿ, ತಗಡಿಲ್ಲದಿದ್ದರೆ ತನ್ನ ಬಿಸಿಗೆ ತಾನೇ ಸುಟ್ಟುಹೋಗುತ್ತದಂತೆ. ಮತ್ತೊಂದು ಈ ಎಂಟು ಕಾಲಿನದ್ದು, ಮುನ್ನೂರೆಂಬತ್ತಾರು. ಹಳೇ ಕಾಲದ್ದು, ಬಡಕಲು ಎಂದ.

ನನಗೆ ಒಂದು ಪ್ರಶ್ನೆ ಬಂತು. ದುಡಿಯುವಾಗ ಎಲ್ಲರೂ ತಿನ್ನುತ್ತಾರೆ, ತಿನ್ನಲಿ. ಎಮ್ಮೆ ಕೊಳ್ಳುವಾಗ ಹಾಲು ಬತ್ತಿದ ಕಾಲದಲ್ಲಿ ಎಷ್ಟು ಹುಲ್ಲು ಬೇಕು ಎಂದು ಕೇಳಬೇಕು. ಆಳು ಹುಡುಕುವಾಗಲೂ ಹಾಗೇ.

"ಇದ್ ಸುಮ್ನೆ ಕೂತಾಗ ಎಷ್ಟ್ ತಿಂತ್?" ಎಂದು ಕೇಳಿದೆ.

ವಾಸು ಕನ್ನಡಕ ತೆಗೆದು ನನ್ನನ್ನು ನೋಡಿದ. "ಮೂವತ್ತ್ ವರ್ಷದಾಗೆ ಗಿರಾಕಿ ಒಬ್ರೂ ಕೇಂಡದ್ದಿಲ್ಲೆ ಅಕ್ಕ. ಎಲ್ಲರೂ ಎಷ್ಟ್ ಜೋರ್ ಅಂತ ಕೇಂಬುದ್."

ಮೀಟರ್ ತಂದ. ಮೂರಕ್ಕೂ ಕರೆಂಟು ಕೊಟ್ಟು, ಯಾರೂ ಮಾತಾಡದೆ, ಮೀಟರಿನ ಮುಳ್ಳು ನೋಡುತ್ತ ಕೂತೆವು. ಎಂಟು ಕಾಲಿನದ್ದು ನಾಲ್ಕೋ ಐದೋ ಎಂದು ತೋರಿಸಿತು. ಜೋರಿನದ್ದು ಅದರ ಎರಡು ಪಾಲಿನ ಮೇಲೆ. ತಗಡಿನದ್ದು ಸುಮ್ಮನೆ ಕೂತೇ ಹತ್ತು ಪಾಲು ತಿನ್ನುತ್ತಿತ್ತು. ಎಂಥ ಲೆಕ್ಕ ಅದು, ಏನನ್ನು ಅಳೆಯುವುದು ಎಂದು ಕೇಳಿದೆ. ತೊಟ್ಟಿಕ್ಕುವ ನಲ್ಲಿಯ ಹಾಗೆ ಎಂದ. ಅಷ್ಟು ಸಾಕಾಯಿತು. ಹಗಲಿಡೀ ಕಾದು ಕೂತು ನಾಲ್ಕೇ ಸಲ ಬಾಯಿ ಬಿಡುವ ಕೆಲಸಕ್ಕೆ ತೊಟ್ಟಿಕ್ಕುವುದು ಕಡಿಮೆ ಇರುವವನೇ ಬೇಕು.

"ಸ್ವರ ಸಾಕಾತ್ತಾ ಇದ್ರದ್ದ್? ಬಡಕಲ್ ಅಂದೆ ಅಲ್ದಾ ನೀ."

ಅವನು ಮೂಲೆಯಿಂದ ಒಂದು ತುತ್ತೂರಿ ಬಾಯಿಯ ಸ್ಪೀಕರ್ ತೆಗೆದ, ಮೀನಿನವರು ಗಾಡಿಗೆ ಕಟ್ಟಿಕೊಳ್ಳುವಂಥದ್ದು. ಚಪ್ಪಟೆ ಸ್ಪೀಕರಿಗೆ ಕೊಟ್ಟರೆ ಕೋಣೆಯಲ್ಲೇ ಮುಗಿಯುವ ಸ್ವರ ಇದಕ್ಕೆ ಕೊಟ್ಟರೆ ಗದ್ದೆ ದಾಟುತ್ತದಂತೆ. ನಾನು ನನ್ನ ಎರಡು ಅಂಗೈ ನೋಡಿಕೊಂಡೆ. ದೋಣಿಯವನನ್ನು ಎಬ್ಬಿಸಿದ ವಿದ್ಯೆ ಇದೇ ತಾನೆ? ಯಾರು ಕಲಿಸಿದ್ದರು ನನಗೆ? ಯಾರೂ ಇಲ್ಲ.

ಆಮೇಲೆ ನಾನು ಬೆಂಚಿನ ಮೇಲೆ ಕೂತು ಅವನು ಬೆಸುಗೆ ಹಾಕುವುದನ್ನು ನೋಡಿದೆ. ಕೇಳಿ ಕೇಳಿ ಅವನ ತಲೆ ತಿಂದೆ. ಒಂದನೇ ಕಾಲಿಗೂ ಎಂಟನೇ ಕಾಲಿಗೂ ನಡುವೆ ಕೆಪಾಸಿಟರ್ ಎಂಬ ಒಂದು ಸಣ್ಣ ಡಬ್ಬಿ ಕೂರಿಸಿದರೆ ಸ್ವರ ಇಪ್ಪತ್ತು ಪಟ್ಟು ಇದ್ದದ್ದು ಇನ್ನೂರು ಪಟ್ಟು ಆಗುತ್ತದೆ. ಮೈಕಿನ ಪಿಸುಮಾತಿಗೆ ಅದು ಬೇಕೇ ಬೇಕು. ಏಳನೇ ಕಾಲಿಗೆ ಅವನು ಏನನ್ನೂ ಕಟ್ಟಲಿಲ್ಲ.

"ಅದ್ಯಾಕೆ ಖಾಲಿ?"

"ಗುಂಯ್ ಅಂತ ಸದ್ದ್ ಬಂದ್ರೆ ಮಾತ್ರ ಅದ್ಕೆ ಕೆಲ್ಸ. ಇಲ್ದಿದ್ರೆ ಸುಮ್ನೆ ನಿಂತಿರ್ತ್. ಎಲ್ಲ ಮನೆಲೂ ಒಬ್ರ್ ಇರ್ತ್ರಲ್ದಾ ಅಕ್ಕ ಹಾಂಗೆ."

ಕೊನೆಗೆ ಮೈಕ್ ಹಿಡಿದು "ಹಲೋ" ಎಂದ. ಅಂಗಡಿ ಪೂರ್ತಿ ಕಿವಿ ಹರಿಯುವ ಹಾಗೆ ಕೂಗಿತು, ಎದುರಿನ ಹೋಟೆಲಿನವನು ಹೊರಗೆ ಓಡಿ ಬಂದ. ಸ್ಪೀಕರಿನ ಸ್ವರವೇ ತಿರುಗಿ ಮೈಕಿಗೆ ಹೊಕ್ಕರೆ ಹಾಗಾಗುತ್ತದಂತೆ. ತನ್ನ ಮಾತನ್ನೇ ತಾನು ಕೇಳಿ ಕೇಳಿ ಇನ್ನೂ ಜೋರಾಗುವುದು. ಇಂಥ ಮನುಷ್ಯರನ್ನೂ ನೋಡಿದ್ದೇನೆ, ಹೆಸರು ಬೇಡ. ಇದಕ್ಕಾದರೆ ಮದ್ದು ಸುಲಭ, ಎರಡನ್ನೂ ದೂರ ಇಡಬೇಕು. ಐಸಿಯ ಡಬ್ಬಿ ನನ್ನ ಹತ್ತಿರ, ಸ್ಪೀಕರಿನ ವಯರು ಮಾತ್ರ ಗದ್ದೆಗೆ.

ಮರುದಿನ ಬೆಳಿಗ್ಗೆ ಗೇರುಮರದ ಬುಡಕ್ಕೆ ಮಣೆ ಹಾಕಿ ಕೂತೆ. ನವಿಲು ಇಳಿದವು. ಮೈಕ್ ಬಾಯಿಗೆ ಇಟ್ಟು ಹಳೇ ರೂಢಿಯಲ್ಲಿ ಕೂಗಿದೆ. "ಕುಸ್ಸ್" ಎಂದಿತು. ಗದ್ದೆಯಲ್ಲಿ ದೊಡ್ಡ "ಕುಸ್ಸ್" ಎಂದಿತು. ನವಿಲು ಕುತ್ತಿಗೆ ಎತ್ತಿ ನೋಡಿ, ಪುನಃ ಬಗ್ಗಿದವು. ನನಗೆ ಸಿಟ್ಟು ಬಂದು ಕೂಗುವುದನ್ನು ಬಿಟ್ಟು ನಮ್ಮನೆಯವರ ಹತ್ತಿರ, "ಇದೆಂತ ಮರ್ರೆ, ಇಷ್ಟೆಲ್ಲ ಮಾಡಿ ದಂಡ ಆಯ್ತಲ್ದಾ," ಎಂದೆ. ಮೈಕ್ ಕೈಯಲ್ಲೇ ಇತ್ತು. ಆ ಸಾದಾ ಮಾತು ಗದ್ದೆಯ ನಡುವೆ ಹೋಗಿ ಬಿದ್ದದ್ದೇ ಎಲ್ಲ ನವಿಲೂ ಎದ್ದವು.

ಕೂಗಿಗೆ ಹೆದರದ್ದು ಮಾತಿಗೆ ಯಾಕೆ ಹೆದರಿತು? ನಾನು ಬಹಳ ದಿನ ಇದನ್ನು ಯೋಚಿಸಿದೆ. ಕೂಗು ಎಂದರೆ ದೂರ ಇದ್ದಾಳೆ ಎಂದು ಅದಕ್ಕೆ ಗೊತ್ತು. ಸಣ್ಣ ಸ್ವರದಲ್ಲಿ ಇಬ್ಬರು ಮಾತಾಡುತ್ತಿದ್ದರೆ ಇಲ್ಲೇ ಹತ್ತಿರ ಇದ್ದಾರೆ. ಅದೂ ಪ್ರತಿ ಸಲ ಬೇರೆ ಮಾತು. ರೂಢಿ ಮಾಡಿಕೊಳ್ಳಲು ಅದಕ್ಕೆ ಏನೂ ಸಿಗುವುದಿಲ್ಲ.

ಹಾಗಾಗಿ ಬೀಜ ಉಳಿಯಬೇಕಾದರೆ ಮಾತಾಡಬೇಕು ಎಂದಾಯಿತು. ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು, ನವಿಲು ಇಳಿಯುವ ಹೊತ್ತಿಗೆ. ನಮ್ಮನೆಯವರು, "ಎಂತ ಮಾತಾಡೂದ್?" ಎಂದು ಕೈ ಬಿಟ್ಟರು. ನಾನೇ ಮಾತಾಡಿದೆ. ಮೊದಲು ಸೊಸೆಯ ಬಗ್ಗೆ ಶುರು ಮಾಡಿದ್ದೆ, ಗದ್ದೆಗೆಲ್ಲ ಕೇಳುತ್ತದೆ ಎಂದು ನೆನಪಾಗಿ ಅಲ್ಲಿಗೇ ತುಂಡು ಮಾಡಿದೆ. ಆಮೇಲೆ ಮರವಂತೆಯ ಕತೆ. ಕಡಲು ಮುಂದೆ ಬಂದು ನಮ್ಮ ತೆಂಗಿನ ಸಾಲು ತಿಂದದ್ದು, ಅಪ್ಪ ಮರ ಬೀಳುವ ಮೊದಲೇ ಕಾಯಿ ಕೀಳಲು ಹತ್ತಿದ್ದು. ದೋಣಿಯವನು ಒಂದು ದಿನ ಕೂಗಿದರೂ ಏಳದೆ ಇದ್ದದ್ದು. ನಮ್ಮನೆಯವರು ಪಕ್ಕದಲ್ಲಿ ಕೂತು ಬೀಡಿ ಎಳೆಯುತ್ತ "ಹ್ಞೂಂ" ಎನ್ನುತ್ತಿದ್ದರು. ಆ ಹ್ಞೂಂ ಕೂಡ ಗದ್ದೆಗೆ ಹೋಗಿ ಕೆಲಸ ಮಾಡುತ್ತಿತ್ತು. ಅಷ್ಟು ವರ್ಷದಲ್ಲಿ ಅದರಿಂದ ಒಂದು ಉಪಯೋಗವಾದದ್ದು ಆಗಲೇ.

ಒಂದು ಸಂಜೆ ಮುತ್ತು ಬೇಲಿ ದಾಟಿ ಬಂದಳು.

"ನಿನ್ನೆ ಅರ್ಧಕ್ಕೆ ನಿಲ್ಸಿ ಒಳಗ್ ಹೋಯ್ದೆ ಅಲ್ದಾ, ಆ ದೋಣಿಯವ ಎದ್ನಾ ಇಲ್ಯಾ?"

"ಇಲ್ಲೆ. ಸತ್ತ್ ಹೋಯಿದ."

"ಅಯ್ಯೋ. ನಾನ್ ರಾತ್ರಿ ಪೂರ್ತಿ, ಅವ ಎದ್ದಿರ್ಕ್ ಅಂತ ಗ್ರಹಿಸ್ತಿದ್ದೆ," ಎಂದು ಅಲ್ಲೇ ಕೂತಳು. ಮಾರನೇ ದಿನದಿಂದ ಅವಳೂ ಬಂದು ಮಾತಾಡಿದಳು. ಅವಳ ಬಾಯಿಗೆ ಐಸಿಯ ಅಗತ್ಯವೇ ಇರಲಿಲ್ಲ, ಆದರೂ ಮೈಕ್ ಬಿಡುತ್ತಿರಲಿಲ್ಲ. ಐಸಿಯ ಡಬ್ಬಿಗೆ ಹಾಕಿದ ಆರು ಸೆಲ್ಲನ್ನು ನಾನು ತಿಂಗಳಲ್ಲಿ ಒಂದೇ ಸಲ ಬದಲಿಸಿದ್ದು, ಅದೂ ಮುತ್ತು ಬರಲು ಶುರುವಾದ ಮೇಲೆ.

ಹನ್ನೊಂದು ಸಾಲಿನಲ್ಲಿ ಹತ್ತು ಉಳಿಯಿತು. ಕೀಳುವ ದಿನ ವಯರು ಕಾಲಿಗೆ ಸಿಕ್ಕುತ್ತದೆ ಎಂದು ಸ್ಪೀಕರ್ ಬಿಚ್ಚಿ ಒಳಗಿಟ್ಟೆವು. ಮಗ, ಸೊಸೆ, ಮುತ್ತು, ನಾವಿಬ್ಬರು. ಒಳ್ಳೇ ಗಿಡದ ಕಾಯಿಯನ್ನೆಲ್ಲ ನಾನು ಬೀಜಕ್ಕೆಂದು ಬೇರೆ ಬಿಡಿಸಿ, ಮೇಲಿನ ಅಂಚಿನಲ್ಲಿ ಗೋಣಿ ಹಾಸಿ ಹರಡಿದ್ದೆ. ಆರೇಳು ಸೇರು ಇರಬಹುದು. ಎಲ್ಲರೂ ಕೆಳಗಿನ ಸಾಲಿನಲ್ಲಿ ಬಗ್ಗಿದ್ದೆವು. ತಲೆ ಎತ್ತಿದರೆ ಗೋಣಿಯ ಸುತ್ತ ನವಿಲು, ಹತ್ತಕ್ಕೆ ಕಡಿಮೆ ಇಲ್ಲ, ಒಂದು ಆಗಲೇ ಗೋಣಿಗೆ ಕಾಲಿಟ್ಟಿತ್ತು.

ನಾನು ಅಂಗೈ ತುತ್ತೂರಿ ಮಾಡಿ ಇದ್ದ ಗಾಳಿಯನ್ನೆಲ್ಲ ಬಿಟ್ಟೆ. ಗಾಳಿಯೇ ಬಂತು. ಮಗ ಓಡಿದ, ಅಂಚಿನಲ್ಲಿ ಎಡವಿ ಬಿದ್ದ.

ಆಗ ನನ್ನ ಬೆನ್ನ ಹಿಂದೆ ಒಂದು ಸ್ವರ ಎದ್ದಿತು. "ಹ್ವೋ...ಯ್!" ನಾನೇ ಹಾರಿಬಿದ್ದೆ. ಮುತ್ತುವಿನ ಕೈಯ ಗಿಡ ಕೆಳಗೆ ಬಿತ್ತು. ನವಿಲೆಲ್ಲ ಒಂದೇ ಏಟಿಗೆ ಎದ್ದು ಗೇರುಗುಡ್ಡ ದಾಟಿ ಆಚೆ ಹೋದವು. ಗೋಣಿಯ ಮೇಲೆ ಬೀಜ ಹರಡಿದ ಹಾಗೇ ಇತ್ತು. ತಿರುಗಿ ನೋಡಿದರೆ ನಮ್ಮನೆಯವರು, ಕೈಯಲ್ಲಿ ಒಂದು ಹಿಡಿ ಗಿಡ ಹಿಡಿದುಕೊಂಡು ನಿಂತಿದ್ದಾರೆ.

ನಾನು ಹತ್ತಿರ ಹೋಗಿ, ಇದ್ದ ಸ್ವರದಲ್ಲಿ ಕೇಳಿದೆ. "ಇಷ್ಟ್ ವರ್ಷ ಎಲ್ಲಿತ್ತ್ ಈ ಗಂಟ್ಲ್?"

"ಇಲ್ಲೇ ಇದ್ದಿತ್," ಎಂದರು. "ನಿನ್ನ್ ಮಾತಿನ್ ನಡುಕೆ ಎಡೆ ಸಿಕ್ಕಿದ್ದ್ ಇವತ್ತೇ ಅಲ್ದಾ."

ಎಂದು ಮತ್ತೆ ಗಿಡ ಕೀಳಲು ಬಗ್ಗಿದರು. ನಾನು ಹೋಗಿ ಗೋಣಿಯ ಬದಿಗೆ ಕೂತು ಬೀಜ ಕಾದೆ.